ಸಾಲ್ಮನ್ ಕಣ್ಣಿಗೆ ಬಂದ ಪೊರೆ

ನನ್ನ ಹೊಂಡದ ಕಾಟ್ಲಾ, ರೋಹು ಬಲೆಗೆ ಬಿದ್ದಾಗ ನಾನು ಮೊದಲು ನೋಡುವುದು ಕಣ್ಣು. ಈ ಅಭ್ಯಾಸ ಹತ್ತಿಸಿದ್ದು ಯುರೋಪಿನ ಸಾಲ್ಮನ್‌ಗಳ ಕಥೆ.

ಹುಚ್ಚು ಹಸುವಿನ ರೋಗದ ಭಯಕ್ಕೆ 1990ರ ದಶಕದಲ್ಲಿ ಅಲ್ಲಿ ಮೀನಿನ ಮೇವಿನಿಂದ ರಕ್ತದ ಪುಡಿಯನ್ನು ಕೈಬಿಟ್ಟರು. ಆಮೇಲೆ ಸಾಕಿದ ಸಾಲ್ಮನ್‌ಗಳ ಕಣ್ಣಿನ ಮಸೂರ ಹಾಲಿನಂತೆ ಬೆಳ್ಳಗಾಗತೊಡಗಿತು. ಕುರುಡು ಮೀನು ಮೇವು ಹಿಡಿಯಲಾರದು, ಬೆಳೆಯಲಾರದು. ಮೇವಿನಲ್ಲಿ ಪ್ರೋಟೀನಿಗೆ ಬರವಿರಲಿಲ್ಲ. ಕಡಿಮೆಯಾದದ್ದು ಅದರೊಳಗಿನ ಒಂದೇ ಅಮೈನೋ ಆಮ್ಲ, ಹಿಸ್ಟಿಡಿನ್. ರಕ್ತದಲ್ಲಿ ಅದು ಧಾರಾಳ. ಸಾಲ್ಮನ್‌ನ ಮಸೂರ ತನ್ನೊಳಗಿನ ನೀರನ್ನು ಹದದಲ್ಲಿಡುವುದೇ ಹಿಸ್ಟಿಡಿನ್‌ನಿಂದಾದ ಸಂಯುಕ್ತದ ಬಲದಿಂದ. ಮೇವಿಗೆ ಹಿಸ್ಟಿಡಿನ್ ಬೆರೆಸಿದಾಗ ಪೊರೆಯ ಕಾಟ ತಗ್ಗಿತು.

ಮೀನಿಗೆ ಆಹಾರದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು 10. ನಾವು ಹಾಕುವ ಶೇಂಗಾ ಹಿಂಡಿ, ಅಕ್ಕಿ ತೌಡು ಒಳ್ಳೆಯ ಮೇವೇ, ಆದರೆ ಶೇಂಗಾದಲ್ಲಿ ಲೈಸಿನ್, ಮೆಥಿಯೊನಿನ್ ಕೊರತೆ. ಒಂದು ಕೊರತೆಯಾದರೂ ಉಳಿದವು ಪೂರ್ತಿ ಮಾಂಸವಾಗುವುದಿಲ್ಲ, ಮಿಕ್ಕಿದ್ದು ಅಮೋನಿಯಾ ಆಗಿ ನೀರು ಸೇರುತ್ತದೆ. ದುಡ್ಡೂ ಹೋಯಿತು, ನೀರೂ ಕೆಟ್ಟಿತು! ಅದಕ್ಕೆ ನಾನು ಸೋಯಾ ಹಿಂಡಿಯ ಜೊತೆ ಚೂರು ಲೈಸಿನ್ ಪುಡಿ ಸೇರಿಸುತ್ತೇನೆ. ಅದು ನೀರಿನಲ್ಲಿ ಬೇಗ ಕರಗುವುದರಿಂದ ಮೇಲೆ ಉದುರಿಸಿದರೆ ದಂಡ. ಮರಗೆಣಸಿನ ಹಿಟ್ಟಿನ ಗಂಜಿಯಲ್ಲಿ ಕಲಸಿ, ಉಂಡೆ ಕಟ್ಟಿ, ಒಣಗಿಸಿ ಹಾಕಬೇಕು.