ನಗೆಯ ಹಿಂದಿನ ನಾದ

ಶಾಲಾ ವಾರ್ಷಿಕೋತ್ಸವದ ದಿನ. ಕಲಬುರಗಿಯ ರೋಜಾ ಬಡಾವಣೆಯಿರಲಿ, ಕಮಲಾಪುರವಿರಲಿ, ವೇದಿಕೆಯ ಮೇಲೆ ಹುಡುಗನೊಬ್ಬ ಸಾಧು ಕೋಕಿಲ ಅವರ ದನಿ ತೆಗೆದನೆಂದರೆ ಶಾಮಿಯಾನದ ತುಂಬ ನಗು. ಮುಂದಿನ ಸಾಲಿನಲ್ಲಿ ಕುಳಿತ ಅಪ್ಪನೂ ನಗುತ್ತಾನೆ. ಮನೆಗೆ ಬಂದ ಮೇಲೆ ಮಾತ್ರ ಅದೇ ಅಪ್ಪನ ಪ್ರಶ್ನೆ: 'ಇದ್ರಿಂದ ಹೊಟ್ಟಿ ತುಂಬ್ತದೇನಪಾ?'

ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹುಡುಕಲು ಆ ಹುಡುಗ ಅನುಕರಿಸಿದ ನಟನ ಬದುಕನ್ನೇ ಒಮ್ಮೆ ನೋಡಬಹುದು.

ತೆರೆಯ ಮೇಲೆ ಪೆದ್ದನಾಗಿ, ಪುಕ್ಕಲನಾಗಿ, ಪೇಚಿಗೆ ಸಿಕ್ಕವನಾಗಿ ನಗಿಸುವ ಸಾಧು ಕೋಕಿಲ ಅವರ ನಿಜನಾಮ ಸಹಾಯಶೀಲನ್ ಶಾಡ್ರಕ್. ಶಾಡ್ರಕ್ ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ ಬರುವ ಹೆಸರು. ರಾಜನ ವಿಗ್ರಹಕ್ಕೆ ಅಡ್ಡಬೀಳಲು ಒಪ್ಪದೆ, ಉರಿಯುವ ಕುಲುಮೆಗೆ ಬಿದ್ದೂ ಸುಡದೆ ಹೊರಬಂದ ಮೂವರಲ್ಲಿ ಒಬ್ಬನ ಹೆಸರದು. ಇಂಥ ಗಂಭೀರ ಹೆಸರಿನ ವ್ಯಕ್ತಿ ನಾಡಿಗೆ ಪರಿಚಯವಾದದ್ದು ನಗೆಯಿಂದ.

1966ರಲ್ಲಿ ಹುಟ್ಟಿದ ಅವರು ಬೆಳೆದದ್ದು ಸಂಗೀತದ ಮನೆಯಲ್ಲಿ. ತಂದೆ ಪಿಟೀಲು ವಾದಕರು. ಪೊಲೀಸ್ ಇಲಾಖೆಯ ವಾದ್ಯವೃಂದದಲ್ಲಿದ್ದವರು. ತಾಯಿ ಗಾಯಕಿ. ಅಣ್ಣ ಲಯೇಂದ್ರ ಕೂಡ ಸಂಗೀತಗಾರ, ನಟ. ಮಗನ ಕೈ ಹರಿದಾಡಿದ್ದು ಕೀಬೋರ್ಡಿನ ಮೇಲೆ.

ಇಲ್ಲಿ ಕಾಲದ ಒಂದು ತಿರುವನ್ನು ಗಮನಿಸಬೇಕು. ಹಿಂದೆ ಸಿನಿಮಾ ಹಾಡಿನ ಧ್ವನಿಮುದ್ರಣವೆಂದರೆ ಹತ್ತಾರು ಪಿಟೀಲು, ಕೊಳಲು, ತಬಲಾ ವಾದಕರು ಒಟ್ಟಿಗೆ ಕುಳಿತು ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ಆಮೇಲೆ ಸಿಂಥಸೈಸರ್ ಬಂದಿತು. ಒಂದೇ ಪೆಟ್ಟಿಗೆಯಿಂದ ಹತ್ತು ವಾದ್ಯಗಳ ನಾದ ಹೊರಟಿತು. ನಿರ್ಮಾಪಕರ ಖರ್ಚು ಉಳಿಯಿತು, ಆದರೆ ಎಷ್ಟೋ ವಾದಕರ ಕೈಗೆ ಕೆಲಸ ತಪ್ಪಿತು. ಪಿಟೀಲು ವಾದಕರ ಮಗ ಕೀಬೋರ್ಡು ಹಿಡಿದು ಚಿತ್ರರಂಗಕ್ಕೆ ಕಾಲಿಟ್ಟದ್ದು ಇಂಥ ಸಂದರ್ಭದಲ್ಲಿ.

1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!' ಚಿತ್ರ ತೆರೆಕಂಡಿತು. ಉಪೇಂದ್ರ ಅವರಿಗೆ ಅದು ನಿರ್ದೇಶಕರಾಗಿ ಎರಡನೆಯ ಚಿತ್ರ. ಭಯ, ಕುತೂಹಲಗಳೇ ಜೀವಾಳವಾದ ಆ ಕಥೆಗೆ ಸಂಗೀತ ಕೊಟ್ಟವರು ಸಾಧು. ಹೆದರಿಸುವ ಚಿತ್ರದಲ್ಲಿ ಹಿನ್ನೆಲೆ ಸಂಗೀತದ ಪಾಲು ದೊಡ್ಡದು. ಬಾಗಿಲು ತೆರೆಯುವ ಮುನ್ನ ಎಷ್ಟು ಹೊತ್ತು ಮೌನವಿರಬೇಕು, ಯಾವ ಕ್ಷಣಕ್ಕೆ ಸದ್ದು ಎರಗಬೇಕು ಎಂಬ ಲೆಕ್ಕ ಒಂದು ಕ್ಷಣ ತಪ್ಪಿದರೂ ಪ್ರೇಕ್ಷಕ ಹೆದರುವ ಬದಲು ಆಕಳಿಸುತ್ತಾನೆ.

ಹಾಸ್ಯದ ಗುಟ್ಟೂ ಇದೇ ಅಲ್ಲವೇ? ಮಾತು ಒಂದು ಮಾತ್ರೆ ಮೊದಲೇ ಬಂದರೆ ನಗು ಹುಟ್ಟದು, ತಡವಾದರೆ ಸಾಯುತ್ತದೆ. ಸಂಗೀತಗಾರರು ಇದನ್ನು ಲಯವೆನ್ನುತ್ತಾರೆ, ನಟರು ಟೈಮಿಂಗ್ ಎನ್ನುತ್ತಾರೆ. ತಾಳ ಬಲ್ಲವನಿಗೆ ನಗಿಸುವ ಹದವೂ ಸಿಗುತ್ತದೆ ಎಂಬುದಕ್ಕೆ ಸಾಧು ಕೋಕಿಲ ಒಳ್ಳೆಯ ಉದಾಹರಣೆ.

ಆದರೆ ನಗು ಒಂದು ಬೆಲೆಯನ್ನೂ ಕೇಳಿತು. ಮುಖ ಜನಪ್ರಿಯವಾದಷ್ಟೂ ಅದರ ಹಿಂದಿನ ಸಂಗೀತಗಾರ ಮರೆಯಾದ. 2008ರಲ್ಲಿ ಸೂರಿ ನಿರ್ದೇಶಿಸಿದ 'ಇಂತಿ ನಿನ್ನ ಪ್ರೀತಿಯ' ಚಿತ್ರದ ಹಾಡುಗಳನ್ನು ಮೆಚ್ಚಿ ಗುನುಗುವವರಲ್ಲಿ ಎಷ್ಟು ಮಂದಿಗೆ ಅದರ ಸಂಗೀತ ನಿರ್ದೇಶಕ ಸಾಧು ಕೋಕಿಲ ಎಂಬುದು ನೆನಪಿದೆ? ಜಯಂತ ಕಾಯ್ಕಿಣಿಯವರ ಸಾಹಿತ್ಯಕ್ಕೆ ಅಷ್ಟು ಮೆತ್ತನೆಯ ರಾಗ ಹಾಕಿದವರು ಇವರೇ ಎಂದರೆ ಹುಬ್ಬೇರಿಸುವವರೇ ಹೆಚ್ಚು.

ಅವರು ಅಲ್ಲಿಗೇ ನಿಲ್ಲಲಿಲ್ಲ. 2003ರಲ್ಲಿ 'ರಕ್ತ ಕಣ್ಣೀರು' ನಿರ್ದೇಶಿಸಿದರು. ಎಂ.ಆರ್. ರಾಧಾ ನಟಿಸಿದ 1954ರ ತಮಿಳು ಚಿತ್ರದ ಕನ್ನಡ ರೂಪವದು. ಸಿರಿವಂತಿಕೆಯ ಮದದಲ್ಲಿ ಹೆಂಡತಿ, ತಾಯಿಯನ್ನು ತಿರಸ್ಕರಿಸಿ, ಕೊನೆಗೆ ರೋಗಕ್ಕೆ ತುತ್ತಾಗಿ ಬೀದಿಗೆ ಬೀಳುವವನ ಕಥೆ. ಹಾಸ್ಯನಟನೊಬ್ಬ ಇಂಥ ದುರಂತವನ್ನು ಎತ್ತಿಕೊಂಡದ್ದು ಸಣ್ಣ ಧೈರ್ಯವಲ್ಲ. ಉಪೇಂದ್ರ ನಾಯಕರಾಗಿದ್ದ ಚಿತ್ರ ಗೆದ್ದಿತು. ಮುಂದೆ 'ಸುಂಟರಗಾಳಿ' (2006), 'ಅನಾಥರು' (2007), 'ಸೂಪರ್ ರಂಗ' (2014) ಚಿತ್ರಗಳನ್ನೂ ಅವರು ನಿರ್ದೇಶಿಸಿದರು. 2024ರಲ್ಲಿ ರಾಜ್ಯ ಸರ್ಕಾರ ಅವರನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರನ್ನಾಗಿ ನೇಮಿಸಿತು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಹೊಟ್ಟೆ ತುಂಬೀತೇ? ಬರೀ ದನಿ ಅನುಕರಿಸಿದರೆ ತುಂಬದು. ಸಾಧು ಕೋಕಿಲ ಅವರ ಬೆನ್ನಿಗೆ ಮೊದಲು ಇದ್ದದ್ದು ಕೈಗೆ ದಕ್ಕಿದ ವಿದ್ಯೆ. ತಮಾಷೆ ಅದರ ಮೇಲೆ ಅರಳಿದ ಹೂವು. ಮಗನ ತುಂಟತನವನ್ನು ಗದರಿಸಿ ಅಡಗಿಸುವ ಬದಲು ಅವನಿಗೊಂದು ಹಾರ್ಮೋನಿಯಂ ಇಲ್ಲವೇ ತಬಲಾ ಕೊಡಿಸಿ, ಬಲ್ಲ ಗುರುವಿನ ಬಳಿ ಕೂರಿಸಿದರೆ ನಷ್ಟವೇನಿಲ್ಲ. ಕಲಬುರಗಿ ಸೀಮೆಗೆ ದರ್ಗಾದ ಕವ್ವಾಲಿ, ಶರಣರ ವಚನ, ತತ್ವಪದ, ಚರ್ಚುಗಳ ಗೀತೆ ಎಲ್ಲವೂ ಪರಿಚಿತ. ಕಿವಿ ತೆರೆದ ಮಗುವಿಗೆ ಇಲ್ಲಿ ಪಾಠಕ್ಕೆ ಬರವಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಸಾಧು ಅವರ ದನಿ ತೆಗೆದು ಚಪ್ಪಾಳೆ ಗಿಟ್ಟಿಸಿದಿರಾ? ಸಂತೋಷ. ಮುಂದಿನ ವರ್ಷ ಅದೇ ವೇದಿಕೆಯಲ್ಲಿ ಒಂದು ವಾದ್ಯವನ್ನೂ ನುಡಿಸಿ ತೋರಿಸಿ. ಆಗ ಅಪ್ಪ ಮನೆಗೆ ಬಂದ ಮೇಲೆ ಕೇಳುವ ಪ್ರಶ್ನೆಯೇ ಬೇರೆಯಾದೀತು.