ಜಾಲವ್ಯಾಪಾರದಲ್ಲಿ ಕೈಕೆಲಸ

ಅಂತರ್ಜಾಲದಲ್ಲಿ ಸಣ್ಣ ವ್ಯಾಪಾರ ಆರಂಭಿಸಬಯಸುವ ಗೃಹಸ್ಥರು ಅಮೆರಿಕದ ಎರಡು ಸಂಸ್ಥೆಗಳ ವೃತ್ತಾಂತವನ್ನು ಗಮನಿಸಬೇಕು. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಎಂಬ ತರುಣನು ಅಂಗಡಿಗಳಲ್ಲಿದ್ದ ಪಾದರಕ್ಷೆಗಳ ಛಾಯಾಚಿತ್ರ ತೆಗೆದು ಜಾಲತಾಣದಲ್ಲಿ ಇರಿಸಿದನು. ಬೇಡಿಕೆ ಬಂದಾಗ ಅದೇ ಅಂಗಡಿಯಲ್ಲಿ ಪೂರ್ಣ ಬೆಲೆ ತೆತ್ತು ಕೊಂಡು ಕಳುಹಿಸಿದನು. ಲಾಭವಿಲ್ಲ, ನಿಜ, ಆದರೆ ತೊಟ್ಟು ನೋಡದೆ ಜನ ಪಾದರಕ್ಷೆ ಕೊಳ್ಳುವರೇ ಎಂಬ ಸಂಶಯವು ಅಲ್ಪ ವೆಚ್ಚದಲ್ಲಿಯೇ ಪರಿಹಾರವಾಯಿತು. ಅದೇ ಜಾಪೋಸ್, 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ದಿನಸಿ ಮಾರುತ್ತಿದ್ದ ವೆಬ್‌ವ್ಯಾನ್ ಗ್ರಾಹಕರು ಸಾಕಷ್ಟು ಕೂಡುವ ಮೊದಲೇ ಯಂತ್ರಚಾಲಿತ ಬೃಹತ್ ಉಗ್ರಾಣಗಳನ್ನು ಕಟ್ಟಿಸಿ, 2001ರಲ್ಲಿ ದಿವಾಳಿಯಾಯಿತು.

ಖಡಕ್ ರೊಟ್ಟಿ, ಚಟ್ನಿಪುಡಿ ಮಾರುವ ನಮ್ಮ ತಾಯಂದಿರು ಮೊದಮೊದಲ ಬೇಡಿಕೆಗಳನ್ನು ತಾವೇ ಬರೆದುಕೊಂಡು, ಕಟ್ಟಿ, ಕಳುಹಿಸಲಿ. ರೊಟ್ಟಿ ದಾರಿಯಲ್ಲಿ ಮುರಿಯುವುದೆಂಬುದನ್ನು ಯಾವ ತಂತ್ರಾಂಶವೂ ಮುಂಚಿತವಾಗಿ ಹೇಳದು. ಯಂತ್ರಕ್ಕೆ ಒಪ್ಪಿಸತಕ್ಕದ್ದು ಆಮೇಲೆ: ಮೊದಲು ಲೆಕ್ಕ, ಕಟ್ಟಕಡೆಗೆ ಗ್ರಾಹಕರ ದೂರು.