ಗಣಿಯೂ ಮುಚ್ಚಿತು, ರೋಲೂ ಮುಗಿಯಿತು: ನೆಗೆಟಿವ್ ಡಬ್ಬಿಗಳ ಗತಿಯೇನು?

ಕೆ.ಜಿ.ಎಫ್.: ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ಫೋಟೋ ತೆಗೆಸಲು ಹೋದವರು ಈಗ ಹೆಚ್ಚು ಕಾಯಬೇಕಿಲ್ಲ. ಒಂದು ಪ್ಲೇಟು ಪಾನಿಪುರಿ ತಿಂದು ಬರುವಷ್ಟರಲ್ಲಿ ಎಂಟು ಪಾಸ್‌ಪೋರ್ಟ್ ಸೈಜು ಫೋಟೋ ಕೈಗೆ ಬರುತ್ತೆ. ಕಣ್ಣು ಮುಚ್ಚಿದ್ರೆ ಇನ್ನೊಂದು ತೆಗೀತಾರೆ. ಗಿರಾಕಿಗೆ ಲಾಭವೇ. ಆದರೆ ಕೌಂಟರಿನ ಹಿಂದೆ ಕೂತ ಹಳೇ ಫೋಟೋಗ್ರಾಫರರ ಲೆಕ್ಕವೇ ಬೇರೆ.

ರೋಲಿನ ಕಾಲದಲ್ಲಿ ದೊಡ್ಡ ಕ್ಯಾಮೆರಾಕ್ಕೆ 12 ಫೋಟೋ, ಸಣ್ಣದಕ್ಕೆ 36. ಒಂದು ಕ್ಲಿಕ್ ದಂಡವಾದರೆ ನಷ್ಟ ಫೋಟೋಗ್ರಾಫರನ ಜೇಬಿನದು. "ಅಲುಗಾಡಬೇಡಿ, ಗದ್ದ ಸ್ವಲ್ಪ ಎತ್ತಿ" ಅಂತ ಗದರುತ್ತಿದ್ದುದು ಸುಮ್ಮನೆ ದರ್ಪಕ್ಕಲ್ಲ!

ಆಮೇಲೆ ಡಾರ್ಕ್ ರೂಮು. ಪೂರಾ ಕತ್ತಲಲ್ಲಿ ಕೈ ಅಂದಾಜಿನ ಮೇಲೆ ರೋಲು ಬಿಚ್ಚಿ ಸುತ್ತಬೇಕು. ಡೆವಲಪರ್‌ನಲ್ಲಿ ಎದ್ದ ಚಿತ್ರವನ್ನು ಹೈಪೋದಲ್ಲಿ ನಿಲ್ಲಿಸಿ, ತೊಳೆದು, ದಾರಕ್ಕೆ ಕ್ಲಿಪ್ಪು ಹಾಕಿ ಒಣಗಿಸಬೇಕು. ಬೇಸಿಗೆಯಲ್ಲಿ ನೀರು ಕಾದಿದ್ದರೆ ಐಸು ತರಿಸಬೇಕು. ಕಾಗದಕ್ಕೆ ಪ್ರಿಂಟು ಹಾಕುವಾಗ ಮಾತ್ರ ಕೆಂಪು ದೀಪದ ಭಾಗ್ಯ. ಚಾಂಪಿಯನ್ ರೀಫ್ಸ್‌ನಲ್ಲಿ ಜನ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಊರಿದು. ಕತ್ತಲಲ್ಲಿ ಅನ್ನ ಹುಡುಕುವುದು ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಎರಡು ಕಡೆಯ ಪೆಟ್ಟು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಂತಿತು. ಸಂಬಳ ನಿಂತ ಊರಲ್ಲಿ ಮದುವೆ ಆಲ್ಬಮ್ಮಿಗೆ ದುಡ್ಡೆಲ್ಲಿ? ದುಡಿಯುವವರು ಬೆಳಗಿನ ಬೆಂಗಳೂರು ರೈಲು ಹತ್ತಿದರು, ಕೆಲವರು ಸಂಸಾರ ಸಮೇತ ಹೋದರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಪೇಟೆಗೆ ಬಂತು. ಬೇರೆ ಊರಿನ ಸ್ಟುಡಿಯೋಗಳಿಗೆ ಬಿದ್ದದ್ದು ಒಂದು ಪೆಟ್ಟು, ಇಲ್ಲಿಗೆ ಎರಡು.

ಫಿಲಂ ಮಾಡುವವರೂ ಉಳಿಯಲಿಲ್ಲ. ಊಟಿಯಲ್ಲಿ "ಇಂದು" ಫಿಲಂ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲಂಸ್ ಮುಚ್ಚಿಹೋಯಿತು. ಕೊಡ್ಯಾಕ್ ಕಥೆ ಇನ್ನೂ ತಮಾಷೆ. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಅದೇ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಒಂದು ಫೋಟೋ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತಂತೆ. 2012ರಲ್ಲಿ ಕೊಡ್ಯಾಕೇ ದಿವಾಳಿ ಅರ್ಜಿ ಹಾಕಿತು! ನಮ್ಮಲ್ಲಿ 2010ರಿಂದ ಆಧಾರ್ ಬಂತು. ಅದರ ಫೋಟೋ ಅಲ್ಲೇ ತೆಗೆದುಬಿಡುತ್ತಾರೆ. ಕೈಗೆ ಬಂದ ಮೊಬೈಲು ಉಳಿದದ್ದನ್ನೂ ತಿಂದಿತು. ಕಂಪ್ಯೂಟರ್ ಕಲಿತವರು ನಿಭಾಯಿಸಿದರು. ಕಲಿಯದವರು ಜೆರಾಕ್ಸು, ಲ್ಯಾಮಿನೇಷನ್ನು ಅಂತ ದಾರಿ ನೋಡಿಕೊಂಡರು.

ಬೆಳ್ಳಿಯ ಆಸೆ

ಇಷ್ಟು ಎಲ್ಲ ಊರಲ್ಲೂ ಇದ್ದದ್ದೇ ಅನ್ನಬಹುದು. ಇಲ್ಲಿಯ ಪ್ರಶ್ನೆ ಅಟ್ಟದ ಮೇಲಿನ ಡಬ್ಬಿಗಳದ್ದು. ಗಣಿ ಲೈನುಗಳ ಮನೆಗಳಲ್ಲಿ ತಂದೆಯ ಫೋಟೋ ಅಂದರೆ ಎಷ್ಟೋ ಸಲ ಒಂದೇ ಒಂದು, ಮದುವೆಯದ್ದೋ ಸರ್ವೀಸ್ ಕಾಗದಕ್ಕೆ ತೆಗೆಸಿದ್ದೋ. ಮನೆ ಬದಲಾಯಿಸುವಾಗ ಅದು ಕಳೆದಿದ್ದರೆ ಉಳಿದಿರುವುದು ಸ್ಟುಡಿಯೋದ ನೆಗೆಟಿವ್ ಮಾತ್ರ.

ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರವೆಂದರೆ ಬೆಳ್ಳಿಯೇ. ಕಲರ್ ಫಿಲಂನಲ್ಲಾದರೆ ತೊಳೆಯುವಾಗಲೇ ಬೆಳ್ಳಿ ಹೋಗಿ ಬಣ್ಣ ಮಾತ್ರ ನಿಲ್ಲುತ್ತದೆ. ಹಿಂದೆ ಬಳಸಿದ ಹೈಪೋ ನೀರನ್ನೂ ಬೆಳ್ಳಿ ತೆಗೆಯುವವರು ಕೊಳ್ಳುತ್ತಿದ್ದರು. ಹಳೇ ನೆಗೆಟಿವ್, ಎಕ್ಸ್‌ರೇ ಫಿಲಂಗೂ ಗುಜರಿಯಲ್ಲಿ ಬೆಲೆಯುಂಟು, ತೂಕದ ಲೆಕ್ಕದಲ್ಲಿ. ಅಂಗಡಿ ಬಾಡಿಗೆ ಬಾಕಿ ಇರುವವನಿಗೆ ಇದು ಸಣ್ಣ ಆಸೆಯಲ್ಲ. ಅವನನ್ನು ಬೈದು ಪ್ರಯೋಜನವೂ ಇಲ್ಲ. ಇಷ್ಟು ವರ್ಷ ಜಾಗ ಕೊಟ್ಟು ಇಟ್ಟುಕೊಂಡವನು ಅವನೇ ತಾನೆ?

ಇಟ್ಟುಕೊಂಡರೂ ಕಾಯಿಲೆ ತಪ್ಪದು. ಸೆಖೆ, ತೇವ ಸೇರಿದರೆ ಫಿಲಂ ವಿನಿಗರ್ ವಾಸನೆ ಹೊಡೆದು ಮುದುರುತ್ತದೆ. ಬಿಳಿ ಬೆಳಕಿನ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲೇ ಹೊಡೆದು, ಕಂಪ್ಯೂಟರಿನಲ್ಲಿ ಕಪ್ಪು ಬಿಳಿ ತಿರುಗಿಸಿದರೆ ಫೋಟೋ ಸಿಗುತ್ತೆ. ಹೊಟ್ಟೆ ಮೇಲೆ ಹೊಡೆದ ಯಂತ್ರವೇ ಇಲ್ಲಿ ಉಪಕಾರಿ! ಕೂಲಿ ಕೊಡುವವರು ಬೇಕು, ಅಷ್ಟೇ.

ಮನೆಯಲ್ಲಿ ಹಳೇ ಫೋಟೋ ಕವರು ಇದ್ದವರು ಒಮ್ಮೆ ತಿರುಗಿಸಿ ನೋಡಿ. ಸ್ಟುಡಿಯೋ ಮುದ್ರೆಯ ಪಕ್ಕ ನೆಗೆಟಿವ್ ನಂಬರು ಬರೆದಿದ್ದರೆ, ಅಂಗಡಿ ಇನ್ನೂ ಇದ್ದರೆ, ಹೋಗಿ ಕೇಳಬಹುದು. ಗುಜರಿಯವನು ಹೋಗುವುದಕ್ಕೆ ಮುಂಚೆ.